ನೀಲಿ ಮೊಟ್ಟೆಯೋ, ಕಡು ಕಂದು ಮೊಟ್ಟೆಯೋ: ಕಾಸರಗೋಡಿನ ಹಿತ್ತಿಲಿಗೆ ಯಾವ ಕೋಳಿ?

ಬದಿಯಡ್ಕ, ಪೆರ್ಲದ ಕಡೆಯ ಅಡಿಕೆ ತೋಟಗಳಲ್ಲಿ ಊರಕೋಳಿಯ ಜೊತೆಗೆ ಬಣ್ಣದ ಮೊಟ್ಟೆಯ ತಳಿಯನ್ನೂ ಸಾಕಬಯಸುವವರ ಮುಂದೆ ಮುಖ್ಯವಾಗಿ ಎರಡು ಆಯ್ಕೆಗಳಿವೆ: ನೀಲಿ ಮೊಟ್ಟೆಯಿಡುವ ಅಮೆರಿಕದ ಅಮೆರೌಕಾನ ಮತ್ತು ಕಡು ಕಂದು ಮೊಟ್ಟೆಯಿಡುವ ಫ್ರಾನ್ಸಿನ ಮಾರಾನ್ಸ್.

ತಳಿ ಬೆಳೆಸುವವರಿಗೆ ಇವುಗಳ ವ್ಯತ್ಯಾಸ ಬಣ್ಣದಾಚೆಗೂ ಇದೆ. ನೀಲಿಗೆ ಕಾರಣವಾದ ಬಿಲಿವರ್ಡಿನ್ ಎಂಬ ವರ್ಣದ್ರವ್ಯ ಚಿಪ್ಪಿನ ಒಳಗೂ ಹೊರಗೂ ವ್ಯಾಪಿಸಿರುತ್ತದೆ; ಅದರ ಜೀನ್ ಪ್ರಬಲವಾದುದರಿಂದ, ಅಂದರೆ ಒಂದೇ ಪ್ರತಿಯಿದ್ದರೂ ಸಾಕಾಗುವುದರಿಂದ, ತಂದೆ ತಾಯಿ ಇಬ್ಬರಿಂದಲೂ ಅದರ ಪ್ರತಿ ಪಡೆದ ಹುಂಜವನ್ನು ಊರಕೋಳಿ ಹೇಂಟೆಗಳೊಡನೆ ಬಿಟ್ಟರೆ ಹುಟ್ಟುವ ಹೇಂಟೆಗಳೆಲ್ಲವೂ ನೀಲಿ ಅಥವಾ ಹಸಿರು ಛಾಯೆಯ ಮೊಟ್ಟೆಯಿಡುತ್ತವೆ. ಆದರೆ ಆ ಮಿಶ್ರತಳಿಗಳನ್ನೇ ಪರಸ್ಪರ ಕೂಡಿಸಿದರೆ ಸರಾಸರಿ ನಾಲ್ಕರಲ್ಲೊಂದು ಮರಿಗೆ ಆ ಜೀನ್ ಬಾರದು. ಹುಂಜ ಮೊಟ್ಟೆಯಿಡುವುದಿಲ್ಲವಾದ್ದರಿಂದ, ಮಾರುವವರ ಮಾತನ್ನಷ್ಟೇ ನಂಬದೆ ಅದರ ಹೆಣ್ಣುಮರಿಗಳ ಮೊಟ್ಟೆಯನ್ನು ನೋಡುವುದು ಲೇಸು.

ಮಾರಾನ್ಸ್‌ನ ಕಂದು ಬಣ್ಣವು ಚಿಪ್ಪಿನ ಮೇಲ್ಪದರದಲ್ಲಿರುತ್ತದೆ; ಒಂದಕ್ಕಿಂತ ಹೆಚ್ಚು ಜೀನ್‌ಗಳ ಫಲವಾದ ಇದನ್ನು ಉಳಿಸಿಕೊಳ್ಳಲು ತಲೆಮಾರುಗಳ ಆಯ್ಕೆ ಬೇಕು, ಸಾಲದ್ದಕ್ಕೆ ಮೊಟ್ಟೆಯಿಡುವ ಅವಧಿ ಸಾಗಿದಂತೆ ಬಣ್ಣ ತಿಳಿಯಾಗುತ್ತದೆ. ಫ್ರೆಂಚ್ ಮಾದರಿಯ ಮಾರಾನ್ಸ್‌ಗಳ ಕಾಲಿನ ಗರಿಗಳಿಗೆ ನಮ್ಮ ಆಟಿಯ ಮಳೆಯಲ್ಲಿ ಕೆಸರು ಮೆತ್ತಿಕೊಳ್ಳುವುದು ಖಂಡಿತ. ಆದ್ದರಿಂದ ಮೊದಲ ಬಾರಿಗೆ ಸಾಕುವವರಿಗೆ ನೀಲಿಯ ತಳಿಯೇ ಉತ್ತಮವೆಂಬುದು ನನ್ನ ಅಭಿಪ್ರಾಯ.

ಎರಡನ್ನೂ ಕೂಡಿಸಿ ಆಲಿವ್ ಬಣ್ಣದ ಮೊಟ್ಟೆ ಪಡೆಯುವುದೂ ಸಾಧ್ಯ. ಪೋಷಕಾಂಶದಲ್ಲಿ ಚಿಪ್ಪಿನ ಬಣ್ಣದಿಂದ ಭೇದವಿಲ್ಲ. ಯಾವುದನ್ನೇ ಆರಿಸಿದರೂ, 21 ದಿನ ಕಾವು ಕೂರಲು ಮನೆಯ ಊರಕೋಳಿಯನ್ನು ಉಳಿಸಿಕೊಳ್ಳಿ.