ಸಂಗೀತ ಶಿಕ್ಷಕರ ಪ್ರಾದೇಶಿಕ ಸಮಾವೇಶಕ್ಕೆ ಶಿಷ್ಯರನ್ನು ಕರೆದೊಯ್ಯುವ ಮುನ್ನ

ಹಾಸನ, ಮಂಡ್ಯ, ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳ ಸಂಗೀತ ಶಿಕ್ಷಕರಿಗಾಗಿ ಎರಡು ದಿನಗಳ ಪ್ರಾದೇಶಿಕ ಸಮಾವೇಶ, ಕಾರ್ಯಾಗಾರ ಹಾಗೂ ಶಿಷ್ಯರ ಗಾಯನ ಏರ್ಪಾಡಾಗಿದೆ ಎಂಬ ಕರಪತ್ರ ಕಳೆದ ವರ್ಷ ನನ್ನ ಮೊಬೈಲಿಗೆ ಬಂದಿತ್ತು. ಅದನ್ನು ನಂಬಿ ಏಳು ಮಂದಿ ಮಕ್ಕಳನ್ನೂ ಅವರ ಮನೆಯವರನ್ನೂ ಅರಸೀಕೆರೆಯಿಂದ ಮೈಸೂರಿಗೆ ಕರೆದುಕೊಂಡು ಹೋದೆ. ಈಗ ಅದೇ ಕರಪತ್ರ, ಅದೇ ವೀಣೆಯ ಚಿತ್ರ, ಅದೇ ವಾಕ್ಯಗಳೊಂದಿಗೆ, ಜಿಲ್ಲೆಗಳ ಹೆಸರು ಮಾತ್ರ ಬದಲಾಗಿ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗದ ಕಡೆ ಸುತ್ತುತ್ತಿದೆ ಎಂದು ಗೆಳತಿಯೊಬ್ಬರಿಂದ ತಿಳಿದು ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಮೋಸ ಹೋದ ಬಗ್ಗೆ ಗ್ರಾಹಕ ಆಯೋಗಕ್ಕೆ ನಾನು ಕೊಟ್ಟ ದೂರು ವಿಚಾರಣೆಯಲ್ಲಿರುವುದರಿಂದ ಸಂಘಟಕರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಹೆಸರನ್ನು ಅವರು ಈಗಾಗಲೇ ಒಮ್ಮೆ ಬದಲಾಯಿಸಿಕೊಂಡಿದ್ದಾರೆ. ನಡೆಸಿದ ರೀತಿಯನ್ನು ಹೇಳಿದರೆ ಗುರುತು ಹಿಡಿಯುವುದು ಕಷ್ಟವಾಗಲಾರದು.

ಚಿಕ್ಕ ಊರಿನಲ್ಲಿ ಮನೆಯಲ್ಲೇ ಪಾಠ ಹೇಳುವವರಿಗೆ ಇಂಥ ಕರೆ ಬಂದಾಗ ಏಕೆ ಮನಸ್ಸು ಸೋಲುತ್ತದೆ ಎಂಬುದನ್ನು ಮೊದಲು ಹೇಳಬೇಕು. ಇಪ್ಪತ್ತೆರಡು ವರ್ಷಗಳಿಂದ ನಾನು ಸರಳೆ, ಜಂಟಿ, ಅಲಂಕಾರಗಳೆಂಬ ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು ಹೇಳಿಕೊಡುತ್ತಿದ್ದೇನೆ. ಈ ಕೆಲಸದಲ್ಲಿ ಎದುರಾಗುವ ಅನುಮಾನಗಳನ್ನು ಕೇಳಲು ನಮ್ಮೂರಿನಲ್ಲಿ ಇನ್ನೊಬ್ಬರಿಲ್ಲ. ಕರಪತ್ರದ ಮಾತುಗಳೂ ದೊಡ್ಡ ಸಭೆಗಳಿಂದ ಎತ್ತಿಕೊಂಡವುಗಳಾಗಿದ್ದವು: ಸಮ್ಮೇಳನಾಧ್ಯಕ್ಷರು, ವಿದ್ವತ್ ಗೋಷ್ಠಿ, ಸೋದಾಹರಣ ಉಪನ್ಯಾಸ. ಮದರಾಸಿನಲ್ಲಿ 1927ರ ಕಾಂಗ್ರೆಸ್ ಅಧಿವೇಶನದ ಜೊತೆಗೆ ನಡೆದ ಸಂಗೀತ ಸಮ್ಮೇಳನದಿಂದ ಮ್ಯೂಸಿಕ್ ಅಕಾಡೆಮಿ ಹುಟ್ಟಿತೆಂಬುದನ್ನೂ, ಬೆಂಗಳೂರಿನ ಗಾಯನ ಸಮಾಜ 1905ರಿಂದ ಇದೆಯೆಂಬುದನ್ನೂ ನಮ್ಮ ಗುರುಗಳು ಪಾಠದ ನಡುವೆ ಹೇಳುತ್ತಿದ್ದರು. ಬೆಳಿಗ್ಗೆ ಶಾಸ್ತ್ರದ ಚರ್ಚೆ, ಸಂಜೆ ಕಛೇರಿ ಎಂಬ ಆ ಕ್ರಮ ನಮ್ಮ ಕಡೆಗೂ ಬಂತಲ್ಲ ಎಂದು ಹಿಗ್ಗಿದೆ. ಆ ಪದಗಳನ್ನು ಅಚ್ಚು ಹಾಕಿಸಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಶುಲ್ಕ ಶಿಕ್ಷಕರಿಗೆ 1,500 ರೂಪಾಯಿ, ಹಾಡುವ ಪ್ರತಿ ಮಗುವಿಗೆ 900 ರೂಪಾಯಿ. ಹಣ ಕಟ್ಟಿದ ವಾರದ ಮೇಲೆ, ಸಾಮೂಹಿಕ ಗಾಯನವನ್ನು ದಾಖಲೆ ಪುಸ್ತಕಕ್ಕೆ ಸೇರಿಸುತ್ತಿದ್ದೇವೆ, ಅದಕ್ಕೆ ಮಗುವಿಗೆ ಇನ್ನೂ 400 ರೂಪಾಯಿ ಎಂದರು. ಒಟ್ಟು 10,600 ರೂಪಾಯಿ ನನ್ನ ಮೂಲಕವೇ ಹೋಯಿತು. ಹಣ ಹೋದದ್ದು ಸಂಸ್ಥೆಯ ಖಾತೆಗಲ್ಲ, ಒಬ್ಬ ವ್ಯಕ್ತಿಯ ಫೋನ್ ನಂಬರಿಗೆ. ರಸೀದಿ ಕೇಳಿದಾಗ ಸಮಾವೇಶದ ದಿನ ಕೈಗೇ ಕೊಡುತ್ತೇವೆ ಎಂದರು. ಅಂಗಡಿಯಲ್ಲಿ ಒಂದು ಶ್ರುತಿಪೆಟ್ಟಿಗೆ ಕೊಂಡರೂ ಬಿಲ್ಲು ಕೇಳುವ ನಾನು, ಸಂಗೀತದವರೆಂಬ ಒಂದೇ ಕಾರಣಕ್ಕೆ ಅಲ್ಲಿ ಸುಮ್ಮನಾದೆ.

ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ಹೋಗುವ ರೈಲಿನಲ್ಲಿ ಮಕ್ಕಳು ದಾರಿಯುದ್ದಕ್ಕೂ ಹಾಡಿಕೊಂಡೇ ಬಂದರು. ಕರಪತ್ರದಲ್ಲಿ ಸಭಾಂಗಣವೊಂದರ ಹೆಸರಿತ್ತು. ಹಿಂದಿನ ರಾತ್ರಿ ಹತ್ತು ಗಂಟೆಗೆ ಬಂದ ಸಂದೇಶದ ಪ್ರಕಾರ ನಾವು ತಲುಪಿದ್ದು ಊರ ಹೊರಗಿನ ಒಂದು ಕಲ್ಯಾಣ ಮಂಟಪವನ್ನು. ಹಿಂದಿನ ದಿನದ ಮದುವೆಯ ಹೂವಿನ ಅಕ್ಷರಗಳು ವೇದಿಕೆಯ ಹಿಂದೆ ಇನ್ನೂ ಇದ್ದವು. ಅವುಗಳ ಮೇಲೆಯೇ ಸಮಾವೇಶದ ಬ್ಯಾನರ್ ಕಟ್ಟಿದ್ದರು.

ಮಕ್ಕಳಿಗೆ ಮನೋಧರ್ಮವನ್ನು (ಹಾಡುವಾಗಲೇ ಸ್ವಂತವಾಗಿ ಕಲ್ಪಿಸಿ ಹಾಡುವುದನ್ನು) ಕಲಿಸುವ ಬಗೆ ಎಂಬ ಎರಡು ಗಂಟೆಯ ಕಾರ್ಯಾಗಾರಕ್ಕಾಗಿಯೇ ನಾನು ಮುಖ್ಯವಾಗಿ ಹೋದದ್ದು. ಗೀತೆ, ಸ್ವರಜತಿ ಮುಗಿಸಿದ ಮಗುವಿಗೆ ಎರಡು ಆವರ್ತದ, ಅಂದರೆ ತಾಳದ ಎರಡು ಸುತ್ತಿನ, ಕಲ್ಪನಾಸ್ವರವನ್ನು ಭಯವಿಲ್ಲದೆ ಹಾಡಿಸುವುದು ಹೇಗೆ ಎಂಬುದು ನನ್ನ ಬಹುಕಾಲದ ಪ್ರಶ್ನೆ. ಅದನ್ನು ನಡೆಸಿಕೊಡಬೇಕಿದ್ದ, ಕರಪತ್ರದಲ್ಲಿ ಫೋಟೊ ಸಮೇತ ಕಾಣಿಸಿಕೊಂಡಿದ್ದ ವಿದ್ವಾಂಸರು ಬರಲೇ ಇಲ್ಲ. ಅವರನ್ನು ಯಾರೂ ಕೇಳಿಯೇ ಇರಲಿಲ್ಲವೆಂದು ಆಮೇಲೆ ಅವರಿಗೇ ಫೋನ್ ಮಾಡಿದಾಗ ತಿಳಿಯಿತು. ಅವರ ಬದಲು ಬಂದ ವ್ಯಕ್ತಿ ಪರದೆಯ ಮೇಲೆ ತೋರಿಸಿದ ಎರಡನೆಯ ಪುಟದಲ್ಲಿಯೇ ಮಾಯಾಮಾಳವಗೌಳ ರಾಗವನ್ನು 16ನೇ ಮೇಳ, ಅಂದರೆ ಮೂಲ ರಾಗಗಳ ಪಟ್ಟಿಯಲ್ಲಿ 16ನೆಯದು, ಎಂದು ಬರೆದಿತ್ತು. ದಿನ ಬೆಳಗಾದರೆ ಅದೇ ರಾಗದಲ್ಲಿ ಸರಳೆ ಹೇಳಿಕೊಡುವ ಶಿಕ್ಷಕರು ತುಂಬಿದ್ದ ಸಭೆ ಅದು. ಮಂಡ್ಯದ ಕಡೆಯ ಹಿರಿಯ ಮೇಷ್ಟ್ರೊಬ್ಬರು ಎದ್ದು, 15 ಅಲ್ಲವೇ ಸ್ವಾಮಿ ಎಂದರು. ಅದನ್ನು ಆಮೇಲೆ ಸರಿಪಡಿಸೋಣ ಎಂದು ಆತ ಮುಂದಿನ ಪುಟಕ್ಕೆ ಹೋದರು. ಮುಂದಿನ ಪುಟದಲ್ಲಿ ರಾಗವೂ ಇರಲಿಲ್ಲ, ತಾಳವೂ ಇರಲಿಲ್ಲ. 25,000 ರೂಪಾಯಿ ಕಟ್ಟಿದರೆ ಅವರ ಆನ್‌ಲೈನ್ ಸಂಗೀತ ಶಾಲೆಯ ಶಾಖೆಯನ್ನು ನಮ್ಮ ಊರಿನಲ್ಲಿ ತೆರೆಯಬಹುದೆಂಬ ವಿವರಗಳಿದ್ದವು. ಇಪ್ಪತ್ತೈದು ನಿಮಿಷಕ್ಕೆ ಕಾರ್ಯಾಗಾರ ಮುಗಿಯಿತು.

ಉಳಿದ ಹೊತ್ತೆಲ್ಲ ಸನ್ಮಾನ. ಬಿರುದುಗಳಿಗೆ ಮುಂಚಿತವಾಗಿ 5,000 ರೂಪಾಯಿ ಕೊಟ್ಟವರು ಸಾಲಾಗಿ ನಿಂತಿದ್ದರು. ಮೈಸೂರು ಪೇಟ ಇದ್ದದ್ದು ಒಂದೇ; ಒಬ್ಬರ ತಲೆಗೆ ಇಟ್ಟು ಫೋಟೊ ತೆಗೆದ ಮೇಲೆ ಅದನ್ನು ಎತ್ತಿ ಮುಂದಿನವರ ತಲೆಗೆ ಇಡುತ್ತಿದ್ದರು. ಹಣ್ಣಿನ ಬುಟ್ಟಿಯ ಗತಿಯೂ ಅದೇ. ಬಿರುದು ಕೊಂಡವರನ್ನು ನಾನು ಹಳಿಯಲಾರೆ. ಗೋಡೆಯ ಮೇಲೊಂದು ಫಲಕವಿದ್ದರೆ ಹೊಸ ಮಕ್ಕಳು ಪಾಠಕ್ಕೆ ಬರುತ್ತಾರೆಂಬ ಲೆಕ್ಕ ನಮ್ಮ ವೃತ್ತಿಯಲ್ಲಿ ಇರುವವರಿಗೆಲ್ಲ ಗೊತ್ತಿದೆ.

ನನಗೆ ಇಂದಿಗೂ ಸಂಕಟವಾಗುವುದು ಮಕ್ಕಳ ಗಾಯನದ ವಿಚಾರದಲ್ಲಿ. ತಂಡಕ್ಕೆ ಹನ್ನೆರಡು ನಿಮಿಷವೆಂದು ಹೇಳಿದ್ದರು. ಮೊದಲ ದಿನ ಸಂಜೆ ನಾಲ್ಕಕ್ಕೆ ಇದ್ದ ನಮ್ಮ ಸರದಿ ರಾತ್ರಿ ಒಂಬತ್ತೂಕಾಲಕ್ಕೆ ಬಂತು. ಅಷ್ಟರಲ್ಲಿ ಹನ್ನೆರಡು ನಿಮಿಷ ನಾಲ್ಕು ನಿಮಿಷಕ್ಕೆ ಇಳಿದಿತ್ತು. ಮೂವತ್ತೆಂಟು ತಂಡಗಳಿಗೆ ಪಕ್ಕವಾದ್ಯಕ್ಕೆ ಒಬ್ಬನೇ ಹುಡುಗ, ಒಂದೇ ಮೃದಂಗ. ಮೃದಂಗವನ್ನು ಬೇಕಾದ ಶ್ರುತಿಗೆಲ್ಲ, ಅಂದರೆ ಹಾಡುವವರ ಆಧಾರ ಸ್ವರದ ಎತ್ತರಕ್ಕೆಲ್ಲ, ಏರಿಸಿ ಇಳಿಸಲು ಬರುವುದಿಲ್ಲ; ಅಂಚನ್ನು ಕಲ್ಲಿನಿಂದ ಬಡಿದು ಸ್ವಲ್ಪ ಮಟ್ಟಿಗೆ ಹೊಂದಿಸಬಹುದು, ಅದಕ್ಕೂ ಬಿಡುವು ಬೇಕು. ಅದಕ್ಕಾಗಿಯೇ ಬೇರೆ ಬೇರೆ ಶ್ರುತಿಯವರಿಗೆ ನುಡಿಸಬೇಕಾದಾಗ ಕಲಾವಿದರು ಎರಡು ಮೃದಂಗ ತರುತ್ತಾರೆ. ಆ ಹುಡುಗನ ಮೃದಂಗ ಐದೂವರೆ ಶ್ರುತಿಯಲ್ಲಿತ್ತು. ನನ್ನ ಹನ್ನೊಂದು ವರ್ಷದ ಶಿಷ್ಯೆ ಹಾಡುವುದು ಐದರಲ್ಲಿ, ಅದಕ್ಕಿಂತ ಅರ್ಧ ಮನೆ ಕೆಳಗೆ. ಆತ ಕೈ ಜೋಡಿಸಿ, "ಮೇಡಂ, ಇನ್ನೊಂದು ಮೃದಂಗ ಬೇಕಾಗುತ್ತದೆ ಎಂದು ನನಗೆ ಹೇಳಲೇ ಇಲ್ಲ. ಇಳಿಸಬೇಕಾದರೆ ಹತ್ತು ನಿಮಿಷವಾದರೂ ಬೇಕು" ಎಂದ. ಸಂಘಟಕರು ಕೆಳಗಿನಿಂದ ಗಡಿಯಾರ ತೋರಿಸುತ್ತಿದ್ದರು. ಮಗು ನನ್ನ ಮುಖ ನೋಡಿತು. ನಾನು ಹಾಡು ಎಂದು ತಲೆಯಾಡಿಸಿದೆ. ಆ ತಪ್ಪು ನನ್ನದೇ.

ಮೂರು ತಿಂಗಳು ಎರಡು ಕಾಲದಲ್ಲಿ, ಅಂದರೆ ಎರಡು ವೇಗಗಳಲ್ಲಿ, ಸಾಧನೆ ಮಾಡಿದ್ದ ಮೋಹನ ರಾಗದ ವರ್ಣವೆಂಬ ರಚನೆ ಅದು. ಪೂರ್ವಾಂಗವೆಂಬ ಮೊದಲ ಭಾಗ ಹೇಗೋ ಸಾಗಿತು. ಚರಣದ ಸ್ವರಗಳಲ್ಲಿ ತಾರಸ್ಥಾಯಿಯ ಗಾಂಧಾರಕ್ಕೆ ಏರುವಾಗ, ಅಭ್ಯಾಸವಿಲ್ಲದ ಆ ಅರ್ಧ ಮನೆಯ ಎತ್ತರದಲ್ಲಿ ಧ್ವನಿ ಸೀಳಿತು. ಅವಳು ಸುಧಾರಿಸಿಕೊಂಡು ಮತ್ತೆ ಹಿಡಿಯುವಷ್ಟರಲ್ಲಿ ಮೈಕು ನಿಂತುಹೋಯಿತು. ನಿಲ್ಲಿಸಿದ್ದು ಸಂಘಟಕರೇ, ಮುಂದಿನ ತಂಡದ ಹೆಸರನ್ನು ಆಗಲೇ ಕೂಗುತ್ತಿದ್ದರು. ಮಗು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು, ಆವರ್ತ ಮುಗಿಯುವವರೆಗೆ. ಊಟಕ್ಕೂ ಏಳದೆ ನುಡಿಸಿದ ಆ ಮೃದಂಗದ ಹುಡುಗನಿಗೂ ಒಪ್ಪಿಕೊಂಡ ಸಂಭಾವನೆ ಕೊಡದೆ ಬಸ್ ಚಾರ್ಜು ಕೊಟ್ಟು ಕಳುಹಿಸಿದರೆಂದು ಅವನೇ ಹೇಳಿದ.

ಎರಡನೆಯ ದಿನ ಕೊಟ್ಟ ಪ್ರಮಾಣಪತ್ರದಲ್ಲಿ ಮಕ್ಕಳ ಹೆಸರನ್ನು ನಾವೇ ಪೆನ್ನಿನಲ್ಲಿ ತುಂಬಿಕೊಳ್ಳಬೇಕಾಯಿತು. ಅದು ಸೀನಿಯರ್ ದರ್ಜೆಗೆ ಸಮಾನವೆಂದು ವೇದಿಕೆಯಿಂದ ಘೋಷಿಸಿದ್ದನ್ನು ಕೇಳಿ ಒಬ್ಬ ತಾಯಿ ಸಂತೋಷದಿಂದ ಕಣ್ಣೀರು ಹಾಕಿದರು. ಈ ಒಂದು ವಿಷಯವನ್ನು ಪೋಷಕರು ಸ್ಪಷ್ಟವಾಗಿ ತಿಳಿದಿರಬೇಕು. ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್ ಮತ್ತು ವಿದ್ವತ್ ಪರೀಕ್ಷೆಗಳನ್ನು ಹಿಂದೆ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿತ್ತು, ಈಗ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ನಡೆಸುತ್ತದೆ. ಲಿಖಿತವೂ ಪ್ರಾಯೋಗಿಕವೂ ಇರುವ ಆ ಪರೀಕ್ಷೆಗಳಿಗೆ ಎರಡು ದಿನದ ಯಾವ ಸಮಾವೇಶದ ಕಾಗದವೂ ಸಮನಾಗುವುದಿಲ್ಲ. ದಾಖಲೆ ಪುಸ್ತಕದ ಸಾಮೂಹಿಕ ಗಾಯನವಂತೂ ನಡೆಯಲೇ ಇಲ್ಲ. ಆ 400 ರೂಪಾಯಿಯ ಬಗ್ಗೆ ಕೇಳಿದವರಿಗೆ ವಿಡಿಯೊ ಕಳುಹಿಸಿ, ಸೇರಿಸುತ್ತೇವೆ ಎಂಬ ಉತ್ತರ ಬಂತು.

ಊರಿಗೆ ಬಂದ ಮೇಲೆ ಪೋಷಕರಿಗೆ ನಾನೇ ನನ್ನ ಉಳಿತಾಯದಿಂದ ಹಣ ಹಿಂದಿರುಗಿಸಲು ಹೋದೆ. ಇಬ್ಬರು ತೆಗೆದುಕೊಂಡರು, ಐವರು ಒಪ್ಪಲಿಲ್ಲ. ಸಂಘಟಕರು ಆರು ತಿಂಗಳ ಓಡಾಟದ ನಂತರ ನನ್ನ ಶುಲ್ಕದ 1,500 ರೂಪಾಯಿಯನ್ನಷ್ಟೇ ಹಾಕಿ, ಫೋನ್ ನಂಬರನ್ನು ಬ್ಲಾಕ್ ಮಾಡಿದರು. ಇಷ್ಟು ಸಣ್ಣ ಮೊತ್ತಕ್ಕೆ ಯಾರು ಅಲೆಯುತ್ತಾರೆ ಎಂಬ ನಂಬಿಕೆಯೇ ಅವರ ಬಂಡವಾಳ. ವಾಸ್ತವವಾಗಿ ಅಲೆದಾಟ ನಾನು ಹೆದರಿದಷ್ಟು ಇರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ಆದ್ದರಿಂದ ನನಗೆ ಹಾಸನ ಸಾಕಾಯಿತು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ಘಟನೆ ನಡೆದ ಎರಡು ವರ್ಷದೊಳಗೆ ಸಲ್ಲಿಸಬೇಕು. ಎಲ್ಲಿಂದ ಆರಂಭಿಸಬೇಕೆಂದು ತೋಚದವರಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ನನ್ನ ಬಳಿ ರಸೀದಿ ಇರಲಿಲ್ಲ. ಹಣ ಕಳುಹಿಸಿದ ಬ್ಯಾಂಕಿನ ವಿವರ, ಕರಪತ್ರ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡಿದ್ದೇ ನೆರವಿಗೆ ಬಂತು.

ಮುಂದೆ ಇಂಥ ಕರೆ ಬಂದವರು ಹಣ ಕಳುಹಿಸುವ ಮೊದಲು ಕರಪತ್ರದಲ್ಲಿ ಹೆಸರಿರುವ ವಿದ್ವಾಂಸರಲ್ಲಿ ಒಬ್ಬರಿಗಾದರೂ ತಾವೇ ಫೋನ್ ಮಾಡಿ ಕೇಳಲಿ; ಸಂಗೀತದ ಲೋಕ ಚಿಕ್ಕದು, ಇಬ್ಬರು ಮೂವರನ್ನು ದಾಟಿದರೆ ನಂಬರ್ ಸಿಗುತ್ತದೆ. ನಾನು ಇದನ್ನು ಒಂದು ದಿನ ಮೊದಲು ಮಾಡಿದ್ದರೆ ಸಾಕಿತ್ತು. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತ ಸಂಸ್ಥೆಯೇ ಎಂದು ಕೇಳಿ, ನೋಂದಣಿ ಸಂಖ್ಯೆಯನ್ನೂ ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಯನ್ನೂ ಪಡೆದುಕೊಳ್ಳಿ. ಪಕ್ಕವಾದ್ಯಕ್ಕೆ ಯಾರು, ಯಾವ ಶ್ರುತಿಗೆ ಸಿದ್ಧರಾಗಿ ಬರುತ್ತಾರೆ ಎಂದೂ ಕೇಳಿ. ಮಕ್ಕಳ ಗಾಯನವನ್ನು ನಿಜವಾಗಿ ಏರ್ಪಡಿಸುವವರು ಈ ಪ್ರಶ್ನೆಗೆ ಸಂತೋಷಪಡುತ್ತಾರೆ. ನಮ್ಮ ಸಂಘಟಕರಿಗೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲವೆಂದು ಈಗ ಅನಿಸುತ್ತದೆ.

ಶಿವಮೊಗ್ಗದ ಕಡೆ ಬಂದಿರುವ ಹೊಸ ಕರಪತ್ರದ ಕೆಳಭಾಗದಲ್ಲಿ, ಹಿಂದಿನ ಸಮಾವೇಶದ ಯಶಸ್ಸು ಎಂಬ ತಲೆಬರಹದಡಿ ಒಂದು ಫೋಟೊ ಇದೆ. ಹಸಿರು ಲಂಗ ತೊಟ್ಟ ಹುಡುಗಿಯೊಬ್ಬಳು ಮೈಕಿನ ಮುಂದೆ ಕುಳಿತು ತೊಡೆಯ ಮೇಲೆ ತಾಳ ಹಾಕುತ್ತಿದ್ದಾಳೆ. ಆಕೆಯ ತಂದೆ ತಾಯಿಯ ಅನುಮತಿಯನ್ನು ಯಾರೂ ಕೇಳಿಲ್ಲ. ಅದನ್ನು ತೆಗೆಯಬೇಕೆಂದು ಅವರು ನೋಂದಾಯಿತ ಅಂಚೆಯಲ್ಲಿ ಎರಡು ಸಲ ಬರೆದಿದ್ದಾರೆ. ನಿನ್ನೆ ಸಂಜೆಯವರೆಗೂ ತೆಗೆದಿರಲಿಲ್ಲ.