ಟ್ಯಾಂಕಿಗೆ ಟಾಯ್ಲೆಟ್ ಆ್ಯಸಿಡ್ ಹಾಕಿಸಬೇಡಿ, ನಾನು ಹಾಕಿಸಿ ಕೆಟ್ಟೆ

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಮೂರು ಮಳೆಗಾಲ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಲ್ಲ, ಗೋಡೆಗೆ ನೇತುಹಾಕಿದ ಬೆಲ್ಟಿಗೂ ಬೂಷ್ಟು ಬರುತ್ತದೆ. ನಾವು ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು, ಸೈಡ್ ಸ್ಟ್ಯಾಂಡ್ ಹಾಕಿ, ಮೇಲೊಂದು ಗೋಣಿತಾಟು ಹೊದೆಸಿ ಮರೆತೆವು. ಮೊದಲ ತಪ್ಪು ನಮ್ಮದೇ.

ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ಗಾಳಿಯ ತೇವ ರಾತ್ರಿಯೆಲ್ಲ ಬೆವರಿನ ಹಾಗೆ ಕೂರುತ್ತದೆ. ಆಮೇಲೆ ಜಾರಿ ತಳ ಸೇರುತ್ತದೆ, ಏಕೆಂದರೆ ನೀರು ಪೆಟ್ರೋಲಿಗಿಂತ ಭಾರ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೇರೆ. ಅದಕ್ಕೆ ನೀರೆಂದರೆ ಪ್ರೀತಿ. ತೇವ ಎಳೆದುಕೊಂಡು ಎಳೆದುಕೊಂಡು, ಹೆಚ್ಚಾದಾಗ ನೀರಿನ ಜೊತೆಗೇ ಪೆಟ್ರೋಲಿನಿಂದ ಬೇರೆಯಾಗಿ ಕೆಳಗಿಳಿದುಬಿಡುತ್ತದೆ. ನಮ್ಮ ಗಾಡಿ ಎಡಕ್ಕೆ ವಾಲಿ ನಿಂತಿತ್ತು. ತುಕ್ಕು ತಿಂದದ್ದೂ ಎಡಗಡೆಯ ತಳವನ್ನೇ.

ದಸರಾ ರಜೆಯಲ್ಲಿ ಗಾಡಿ ಹೊರಗೆ ತೆಗೆದೆ. ಹತ್ತಾರು ಕಿಕ್ ಹೊಡೆದ ಮೇಲೆ ಸ್ಟಾರ್ಟ್ ಆಯಿತು, ಎರಡು ಕಿಲೋಮೀಟರ್ ಓಡಿ ನಿಂತಿತು. ಎಂಜಿನ್ನಿಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಬಿಚ್ಚಿದರೆ ತಳದಲ್ಲಿ ಕಾಫಿ ಚರಟದ ಹಾಗೆ ಕೆಂಪು ಪುಡಿ.

ಪೇಟೆಯ ಗ್ಯಾರೇಜಿನವನು ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿ, "ಏನಿಲ್ಲ ಸಾರ್, ಸ್ವಲ್ಪ ತುಕ್ಕು. ಬಿಟ್ಟು ಹೋಗಿ, ನಾಡಿದ್ದು ಕನ್ನಡಿ ಥರ ಮಾಡಿ ಕೊಡ್ತೀನಿ" ಅಂದ. ಹೇಗೆ ಮಾಡುತ್ತೀಯಾ ಅಂತ ಕೇಳಲೇ ಇಲ್ಲ ನಾನು. ಹೋಗಿ ನೋಡಿದಾಗ ನಿಜಕ್ಕೂ ಕನ್ನಡಿಯಂತೇ ಇತ್ತು. ರಾತ್ರಿಯಿಡೀ ಟಾಯ್ಲೆಟ್ ಆ್ಯಸಿಡ್ ತುಂಬಿ ಇಟ್ಟಿದ್ದನಂತೆ. ಬೆಳಿಗ್ಗೆ ಬರೀ ನೀರಲ್ಲಿ ತೊಳೆದು, ಮಧ್ಯಾಹ್ನ ಒಳಗೆ ಎಂಥದ್ದೋ ಕೋಟಿಂಗ್ ಸುರಿದು ತಿರುಗಿಸಿದ್ದ. ಎಲ್ಲಾ ಸೇರಿ 1,800 ರೂಪಾಯಿ.

ಆ ಆ್ಯಸಿಡ್‌ಗೆ ತುಕ್ಕು ಯಾವುದು, ತಗಡು ಯಾವುದು ಅಂತ ಗೊತ್ತಾಗುವುದಿಲ್ಲ. ತುಕ್ಕು ಮುಗಿದ ಮೇಲೆ ಒಳ್ಳೆಯ ಕಬ್ಬಿಣಕ್ಕೆ ಬಾಯಿ ಹಾಕುತ್ತದೆ. ಮೊದಲೇ ಸವೆದ ಜಾಗ ಜರಡಿಯಾಗುತ್ತದೆ. ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆಯದಿದ್ದರೆ ಬೆಸುಗೆಯ ಸಂದಿಯಲ್ಲಿ ಉಳಿದದ್ದು ತಿನ್ನುತ್ತಲೇ ಇರುತ್ತದೆ. ಆ್ಯಸಿಡ್ ಕುಡಿದ ಬೆತ್ತಲೆ ಕಬ್ಬಿಣ ಕೆಲವೇ ಗಂಟೆಯಲ್ಲಿ ಮತ್ತೆ ಕಂದುಬಣ್ಣಕ್ಕೆ ತಿರುಗುತ್ತದೆ. ಅದರ ಮೇಲೆ, ಅದೂ ಹಸಿ ಆರುವ ಮೊದಲೇ, ಕೋಟಿಂಗ್ ಹಾಕಿದರೆ ಅದು ಹಿಡಿಯುವುದಾದರೂ ಯಾವುದನ್ನು?

ಮೂರು ವಾರ ಗಾಡಿ ಚೆನ್ನಾಗೇ ಓಡಿತು. ಜಗಲಿಯಲ್ಲಿ ರಾತ್ರಿ ಹೊತ್ತು ಪೆಟ್ರೋಲ್ ವಾಸನೆ ಬರುತ್ತಿತ್ತು. ಹಳೇ ಗಾಡಿ ಅಲ್ವಾ ಅಂತ ಸುಮ್ನಿದ್ದೆ. ಟ್ಯಾಂಕಿನ ಅಡಿಯಲ್ಲಿ ಪೇಂಟ್ ಸಾಸಿವೆ ಗಾತ್ರಕ್ಕೆ ಗುಳ್ಳೆ ಎದ್ದಿತ್ತು. ಅದೇ ಸುಳಿವು. ಒಳಗಿಂದ ತೂತು ಬಿದ್ದು, ಹೊರಗೆ ಪೇಂಟ್ ಒಂದೇ ತಡೆದು ನಿಂತಿರುವಾಗ ಹೀಗೆ ಗುಳ್ಳೆ ಏಳುತ್ತದೆ. ಗ್ಯಾರೇಜಿನವನು ನಲ್ಲಿ ಪೈಪಿಗೆ ಮೆತ್ತುವ ಪುಟ್ಟಿ ಮೆತ್ತಿ ಕಳಿಸಿದ. ಪೆಟ್ರೋಲ್ ಜಿನುಗುವ ಜಾಗಕ್ಕೆ ಪುಟ್ಟಿ ಅಂಟುತ್ತದೆಯೇ?

ಒಂದು ಭಾನುವಾರ ಬಂಕಿನಲ್ಲಿ ಫುಲ್ ಟ್ಯಾಂಕ್ ಹಾಕಿಸಿದೆ. ಹಣ ಕೊಡುವಷ್ಟರಲ್ಲಿ ಹುಡುಗ ಕೂಗಿದ, "ಸಾರ್, ಕಿಕ್ ಹೊಡೀಬೇಡಿ, ಕೆಳಗೆ ಸೋರ್ತಿದೆ!" ಬಗ್ಗಿ ನೋಡಿದರೆ ಪುಟ್ಟಿ ಕಳಚಿಕೊಂಡು, ಎಂಜಿನ್ ಮೇಲೆ ಟಪಟಪ ಬೀಳುತ್ತಿದೆ. ಆಗಷ್ಟೇ ಹದಿನೈದು ಕಿಲೋಮೀಟರ್ ಓಡಿ ಬಂದ ಬಿಸಿ ಎಂಜಿನ್. ಇಬ್ಬರೂ ಸೇರಿ ಗಾಡಿಯನ್ನು ತಳ್ಳಿಕೊಂಡು ಬಯಲಿಗೆ ಹೋದೆವು. ನನ್ನ ಕೈ ನಡುಗುತ್ತಿದ್ದದ್ದು ಆ ಹುಡುಗನಿಗೂ ಕಂಡಿರಬೇಕು.

ಇಷ್ಟಾದರೂ ಬುದ್ಧಿ ಬರಲಿಲ್ಲ ನೋಡಿ. ಮರುದಿನ ಟ್ಯಾಂಕ್ ಖಾಲಿ ಮಾಡಿ ಸೀದಾ ವೆಲ್ಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದ ಹಿರಿಯರು ಮೂಸಿ ನೋಡಿ ಬೈದರು. "ಖಾಲಿ ಅಂತೀಯಲ್ಲ ಮಾರಾಯ, ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಬಾಂಬು." ಒಳಗೆ ಉಳಿದ ಪೆಟ್ರೋಲ್ ಆವಿ ಗಾಳಿಯ ಜೊತೆ ಬೆರೆತಿರುತ್ತದೆ, ಒಂದು ಕಿಡಿ ಸಾಕು. ಅವರು ಸೋಪಿನ ಬಿಸಿನೀರಲ್ಲಿ ಮತ್ತೆ ಮತ್ತೆ ತೊಳೆದು, ಬಾಯಿ ತೆರೆದು ಎರಡು ದಿನ ಬಿಸಿಲಿಗಿಟ್ಟರು. ಕೆಲಸದ ಹೊತ್ತಿಗೆ ಟ್ಯಾಂಕ್ ಮಗುಚಿ, ತೂತಿನ ಜಾಗ ಬಿಟ್ಟು ಉಳಿದಷ್ಟಕ್ಕೂ ನೀರು ತುಂಬಿಸಿದರು. ಕೊಳೆತ ತಳ ಕತ್ತರಿಸಿದಾಗ ಕೋಟಿಂಗ್ ಹಪ್ಪಳದ ಹಾಗೆ ಎದ್ದು ಬಂತು. ಹೊಸ ತಗಡು ಕೂರಿಸಿ ಹಿತ್ತಾಳೆ ಬೆಸುಗೆ ಹಾಕಿದರು. ಪೇಂಟ್ ಸೇರಿ 5,500 ಆಯಿತು. ಈ ಗಾಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹೊಸ ಟ್ಯಾಂಕ್ ಬೇಕು ಅಂದರೆ ಕಂಪನಿಯಿಂದ ತರಿಸುವ ಹಾಗಿಲ್ಲ.

ತುಕ್ಕು ಮೇಲುಮೇಲಿನದಾಗಿದ್ದರೆ ಮನೆಯಲ್ಲೇ ತೆಗೆಯಬಹುದು. ಪೆಟ್ರೋಲ್ ಪೂರ್ತಿ ತೆಗೆದು, ಟ್ಯಾಂಕಿನ ಅಡಿಯ ಪೆಟ್ರೋಲ್ ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಬಿಚ್ಚಿ ತೂತು ಮುಚ್ಚಿ, ನಿಂಬೆ ಉಪ್ಪು ಅಂತ ಸಿಗುವ ಸಿಟ್ರಿಕ್ ಆ್ಯಸಿಡ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ತುಂಬಿಸಿ. ಒಂದು ದಿನ ಬಿಡಿ, ನಡುನಡುವೆ ಇಣುಕಿ ನೋಡಿ. ಆಮೇಲೆ ಅಡುಗೆ ಸೋಡಾ ನೀರು, ಮತ್ತೆ ಒಳ್ಳೆ ನೀರು, ಕೂಡಲೇ ಒಣಗಿಸಿ ಒಂದಿಷ್ಟು 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್) ಹಾಕಿ ಎಲ್ಲಾ ಕಡೆ ಹರಡುವಂತೆ ತಿರುಗಿಸಿ. ಒಣಗಿಸುವುದು ತಡವಾದರೆ ಮತ್ತೆ ಕೆಂಪಾಗುತ್ತದೆ. ಇದರಲ್ಲೂ ತೂತು ಹೊರಬೀಳಬಹುದು. ಕೆಲವು ಟ್ಯಾಂಕುಗಳಲ್ಲಿ ಸೋರಿಕೆ ತಡೆದು ನಿಂತಿರುವುದೇ ತುಕ್ಕು. ಅನುಮಾನವಿದ್ದರೆ ಹೊರಗೆ ಸೀಮೆಸುಣ್ಣದ ಪುಡಿ ಸವರಿ, ಒಳಗೆ ಸೀಮೆಎಣ್ಣೆ ಹಾಕಿ ರಾತ್ರಿ ಬಿಡಿ. ಸಣ್ಣ ತೂತಿದ್ದರೂ ಬಿಳಿ ಪುಡಿಯಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ.

ಹಣ ವಾಪಸ್ ಕೇಳೋಣ ಅಂತ ಗ್ಯಾರೇಜಿಗೆ ಹೋಗಿದ್ದೆ. ಕೊಡಲಿಲ್ಲ, "ತಗಡೇ ಹಾಳಾಗಿತ್ತು ಸಾರ್" ಅಂದ. ಬಾಗಿಲ ಪಕ್ಕದಲ್ಲಿ ಯಾರದ್ದೋ ಬುಲೆಟ್ ಟ್ಯಾಂಕ್ ಬಿಸಿಲಿಗೆ ಕೂತಿತ್ತು. ಮುಚ್ಚಳ ತೆಗೆದಿತ್ತು. ಹತ್ತಿರ ಹೋಗುತ್ತಿದ್ದಂತೆ ಅದೇ ಟಾಯ್ಲೆಟ್ ಆ್ಯಸಿಡ್ ಘಾಟು.