ತೊಗರಿ ದರದ ಪುಟಕ್ಕೆ ಕ್ಯಾಶ್: ಕೈಯಾರೆ ಬರೆಯೋದಾ, ಕಾಲ್‌ಬ್ಯಾಕ್ ಕೊಡೋದಾ?

ಕಲಬುರಗಿ ಗಂಜ್‌ನ ಅಡತಿ ಅಂಗಡಿಯೊಂದಕ್ಕೆ ದಿನದ ತೊಗರಿ ದರ ತೋರಿಸುವ ಪುಟ ಮಾಡಿಕೊಟ್ಟಿದ್ದೇನೆ. ಲಾರಾವೆಲ್ (ಪಿಎಚ್‌ಪಿಯ ವೆಬ್ ಚೌಕಟ್ಟು), ರೆಡಿಸ್ (ಮೆಮೊರಿಯಲ್ಲೇ ಮಾಹಿತಿ ಇಡುವ ಸಾಫ್ಟ್‌ವೇರ್), ಒಂದು ಸಣ್ಣ ಸರ್ವರ್. ಸುಗ್ಗಿಯಲ್ಲಿ ಸವಾಲು (ಹರಾಜು) ಮುಗಿಯುತ್ತಿದ್ದಂತೆ ಎಲ್ಲರೂ ಒಟ್ಟಿಗೇ ಮೊಬೈಲ್ ತೆಗೆಯುತ್ತಾರೆ. ಆ ಸ್ವಲ್ಪ ಹೊತ್ತಿಗಾಗಿ ಕ್ಯಾಶ್ ಹಾಕಲು, ಅಂದರೆ ಒಮ್ಮೆ ತಂದ ದರವನ್ನು ಒಂದಿಷ್ಟು ಅವಧಿ ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡಲು, ಮೂರು ದಾರಿ ಹಿಡಿದು ನೋಡಿದೆ.

ಮೊದಲು ಕೈಯಾರೆ ಬರೆದೆ. ಕೀ (ಕ್ಯಾಶಿನಲ್ಲಿ ಇಟ್ಟದ್ದರ ಹೆಸರು) ಇದೆಯಾ ಅಂತ 'ಹ್ಯಾಸ್' ಕೇಳುವುದು, ಇದ್ದರೆ 'ಗೆಟ್', ಇಲ್ಲದಿದ್ದರೆ ಡೇಟಾಬೇಸ್‌ನಿಂದ ತಂದು 'ಪುಟ್'. ಓದಲು ಸಲೀಸು. ಆದರೆ ಹ್ಯಾಸ್ ಕೇಳಿ ಗೆಟ್ ಮಾಡುವಷ್ಟರಲ್ಲಿ ಅವಧಿ ಮುಗಿದರೆ ಕೈಗೆ ಬರುವುದು ನಲ್, ಅಂದರೆ ಏನೂ ಇಲ್ಲ. ಒಮ್ಮೆ ಹಾಗೇ ಆಗಿ ದರದ ಜಾಗ ಖಾಲಿ ಬಿತ್ತು. "ತಮ್ಮಾ, ರೇಟೇ ಕಾಣವಲ್ದು ನೋಡು" ಅಂತ ಅಂಗಡಿಯಿಂದ ಫೋನ್ ಬಂತು.

ಎರಡನೆಯದು 'ರಿಮೆಂಬರ್'. ಕೀ, ಎಷ್ಟು ಸೆಕೆಂಡು ಇಡಬೇಕು ಅನ್ನೋದು, ಕಾಲ್‌ಬ್ಯಾಕ್ (ದರ ತಂದುಕೊಡುವ ಕೋಡ್), ಇಷ್ಟೇ ಕೊಡಬೇಕು. ಕ್ಯಾಶಿನಲ್ಲಿ ಸಿಕ್ಕರೆ ಕಾಲ್‌ಬ್ಯಾಕ್ ಓಡುವುದೇ ಇಲ್ಲ. ಸಿಗದಿದ್ದರೆ ಓಡಿ, ತಂದದ್ದನ್ನು ಇಟ್ಟು, ಅದನ್ನೇ ಕೊಡುತ್ತದೆ. ಮೇಲಿನ ತೊಂದರೆ ಅಲ್ಲಿಗೆ ಮುಗಿಯಿತು. (ಹಳೇ ಕೋಡ್ ನೋಡಿ ಬರೆಯುವವರು ಜೋಪಾನ: ಲಾರಾವೆಲ್ 5.8ಕ್ಕೆ ಮುಂಚೆ ಆ ಸಂಖ್ಯೆ ನಿಮಿಷದ್ದು.)

ಇದರಲ್ಲೂ ಎರಡು ಕಡೆ ಎಡವಿದೆ. ಕಾಲ್‌ಬ್ಯಾಕ್ ಒಳಗೆ ಊರಿನ ಹೆಸರು ಬಳಸಿದ್ದೆ, ಕೀಯಲ್ಲಿ ಸೇರಿಸಿರಲಿಲ್ಲ. ಯಾದಗಿರಿಯವರು ಮೊದಲು ತೆರೆದರು, ಆಮೇಲೆ ಕಲಬುರಗಿಯವರಿಗೂ ಯಾದಗಿರಿ ದರವೇ ಕಂಡಿತು! ಕಾಲ್‌ಬ್ಯಾಕ್ ಒಳಗೆ ಹೋಗುವ ಪ್ರತಿ ಬದಲಾಗುವ ಮೌಲ್ಯವೂ ಕೀಯಲ್ಲಿ ಇರಲೇಬೇಕು. ಇನ್ನೊಂದು, ಗಂಜ್ ಬಂದ್ ಇದ್ದ ದಿನ ಕಾಲ್‌ಬ್ಯಾಕ್ ನಲ್ ಕೊಡುತ್ತಿತ್ತು. ರಿಮೆಂಬರ್‌ಗೆ ನಲ್ ಅಂದರೆ 'ಇಲ್ಲ' ಅಂತಲೇ ಲೆಕ್ಕ, ಹಾಗಾಗಿ ಪುಟ ತೆರೆದಷ್ಟು ಸಲವೂ ಡೇಟಾಬೇಸ್ ಕ್ವೆರಿ ಓಡಿತು. ಈಗ ನಲ್ ಬದಲು ಖಾಲಿ ಅರೇ (ಪಟ್ಟಿ) ಕೊಡುತ್ತೇನೆ.

ಆದರೂ ಸವಾಲಿನ ಹೊತ್ತಿಗೆ ಸರ್ವರ್ ಏದುಸಿರು ಬಿಡುತ್ತಿತ್ತು. ಅವಧಿ ಮುಗಿದ ಕ್ಷಣ ಬಂದ ಅಷ್ಟೂ ಜನರಿಗೆ ಅದೇ ಕಾಲ್‌ಬ್ಯಾಕ್ ಬೇರೆ ಬೇರೆಯಾಗಿ ಓಡುತ್ತದೆ. ರಿಮೆಂಬರ್ ತಾನಾಗಿ ಬೀಗ ಹಾಕುವುದಿಲ್ಲ, ಅಂದರೆ ಒಬ್ಬರಿಗಾಗಿ ಓಡುವಾಗ ಉಳಿದವರದನ್ನು ತಡೆಯುವುದಿಲ್ಲ; ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಅದಕ್ಕೇ ಕೊನೆಗೆ ನಿಂತದ್ದು 'ಫ್ಲೆಕ್ಸಿಬಲ್' ಹತ್ತಿರ. ಲಾರಾವೆಲ್ 11.23ರಿಂದ ಇದೆ. ಕಾಲ್‌ಬ್ಯಾಕ್ ಅದೇ, ಅವಧಿ ಮಾತ್ರ ಎರಡು. ನಾನು 30 ಮತ್ತು 120 ಸೆಕೆಂಡು ಕೊಟ್ಟಿದ್ದೇನೆ. ಮೊದಲ 30 ಸೆಕೆಂಡು ದರ ತಾಜಾ. ಅಲ್ಲಿಂದ 120ರವರೆಗೆ ಬಂದವರಿಗೆ ಹಳೇ ದರವನ್ನೇ ಥಟ್ಟನೆ ಕೊಟ್ಟು, ಹೊಸದನ್ನು ಉತ್ತರ ಕಳಿಸಿದ ಮೇಲೆ ತರುತ್ತದೆ. ಅದೂ ಬೀಗ ಹಾಕಿಕೊಂಡು, ಒಬ್ಬರೇ. ದರದ ಪಕ್ಕ ಎಷ್ಟು ಗಂಟೆಯದು ಅಂತಲೂ ಬರೆದೆ.

ರೈತರಿಗೆ ಹಣದ ಲೆಕ್ಕ ತೋರಿಸುವ ಪುಟಕ್ಕೆ ಮಾತ್ರ ಕ್ಯಾಶನ್ನೇ ಹಾಕಿಲ್ಲ. ಅಲ್ಲಿ ಹಳೇ ಅಂಕಿ ಒಂದು ಸೆಕೆಂಡೂ ಕಾಣಬಾರದು.